ಬ್ಯಾಂಡ್ ಸಾ ಕೊಳ್ಳುವ ಮೊದಲು ಬ್ಲೇಡ್ ಆರಿಸಿ

ಮನೆಯ ಹಿಂದಿನ ಶೆಡ್ಡಿನಲ್ಲಿ ಚಾಕು ಮಾಡುವವರಿಗೆ ಬೆಲ್ಟ್ ಗ್ರೈಂಡರ್ ಬಂದ ಮೇಲೆ ಮುಂದಿನ ಆಸೆ ಬ್ಯಾಂಡ್ ಸಾ, ಅಂದರೆ ಹಲ್ಲಿನ ಪಟ್ಟಿ ಎರಡು ಚಕ್ರಗಳ ಮೇಲೆ ಸುತ್ತುವ ಗರಗಸ. ಆಂಗಲ್ ಗ್ರೈಂಡರಿನ ಚಕ್ರದಲ್ಲಿ ಕಿಡಿ, ಸದ್ದು ಇದ್ದದ್ದೇ, ಅಂಚು ಬೇರೆ ನೀಲಿಗಟ್ಟುತ್ತದೆ. ಬ್ಯಾಂಡ್ ಸಾ ಉಕ್ಕನ್ನು ತಣ್ಣಗೆ ಸೀಳುತ್ತದೆ, ಕಸರು ಕಡಿಮೆ. ಒಂದೇ ಪಟ್ಟಿಯಲ್ಲಿ ಎರಡು ಚಾಕುಗಳನ್ನು ತಲೆಕೆಳಗು ಮಾಡಿ ಜೋಡಿಸಿ ಗೆರೆ ಹಾಕಿಕೊಳ್ಳಬಹುದು. ಆದರೆ ಕಲಬುರಗಿಯಿಂದ ಸೊಲ್ಲಾಪುರಕ್ಕೋ, ಬೀದರಿನಿಂದ ಸಿಕಂದರಾಬಾದಿನ ರಾಣಿಗಂಜಿಗೋ ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಎಚ್‌ಪಿ?’ ಎಂದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

1. ಉಕ್ಕಿನ ದಪ್ಪ ಅಳೆಯಿರಿ

ವರ್ನಿಯರ್ ಹಿಡಿಯಿರಿ. ಅಡುಗೆ ಚಾಕುವಿಗೆ 2ರಿಂದ 3 ಮಿ.ಮೀ., ಹೊಲದ ಕೆಲಸದ ಚಾಕುವಿಗೆ 4ರಿಂದ 5, ಮಚ್ಚಿಗೆ 6. ನೀವು ಹೆಚ್ಚಾಗಿ ಮಾಡುವುದು ಯಾವುದೋ ಅದನ್ನು ಬರೆದಿಟ್ಟುಕೊಳ್ಳಿ.

2. ಹಲ್ಲಿನ ಲೆಕ್ಕ

ಎಡವುವವರೆಲ್ಲ ಎಡವುವುದು ಇಲ್ಲಿಯೇ. ಒಂದು ಇಂಚಿನಲ್ಲಿ ಎಷ್ಟು ಹಲ್ಲಿವೆ ಎಂಬುದೇ ಟಿಪಿಐ. ಕತ್ತರಿಸುವಾಗ ಯಾವ ಗಳಿಗೆಯಲ್ಲೂ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಹಲ್ಲು ಉಕ್ಕಿನೊಳಗೆ ಇರಬೇಕು. 10 ಟಿಪಿಐ ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ 2.5 ಮಿ.ಮೀ. ಅಂತರ. ಅದಕ್ಕೆ 3 ಮಿ.ಮೀ. ತಗಡು ಕೊಟ್ಟರೆ ಒಳಗಿರುವುದು ಒಂದೇ ಹಲ್ಲು. ತಗಡಿನ ಅಂಚು ಎರಡು ಹಲ್ಲುಗಳ ನಡುವಿನ ಸಂದಿಗೆ ಬಿದ್ದು, ಹಿಂದಿನ ಹಲ್ಲು ಪೂರ್ತಿ ರಭಸದಿಂದ ಬಂದು ಬಡಿಯುತ್ತದೆ. ಟಕ್ ಎಂದು ಒಂದು ಮುರಿಯಿತೆಂದರೆ ಆ ಬೋಳು ಜಾಗ ಸುತ್ತಿ ಬಂದಾಗಲೆಲ್ಲ ಪಕ್ಕದ್ದೂ ಹೋಗುತ್ತದೆ. ಐದು ನಿಮಿಷದಲ್ಲಿ ಬ್ಲೇಡ್ ಗುಜರಿಗೆ.

2ರಿಂದ 3 ಮಿ.ಮೀ.ಗೆ 24 ಟಿಪಿಐ, 4ರಿಂದ 6ಕ್ಕೆ 14/18, 8ರಿಂದ 10ಕ್ಕೆ 10/14. ಎರಡು ಅಂಕಿಯ ಬ್ಲೇಡಿನಲ್ಲಿ ಹಲ್ಲಿನ ಅಂತರ ಒಂದೇ ಸಮ ಇರುವುದಿಲ್ಲ. ಅದರಿಂದ ನಡುಕ, ಕಿರುಚಾಟ ಎರಡೂ ಕಡಿಮೆ. ಒಂದೇ ಬ್ಲೇಡ್ ಕೊಳ್ಳುವ ದುಡ್ಡಿದ್ದರೆ 14/18 ತಗೊಳ್ಳಿ, ಬೇರೆ ಯೋಚನೆ ಬೇಡ. 2 ಮಿ.ಮೀ. ತಗಡಿಗೆ 24 ಕೂಡ ಸಾಲದು ಅನ್ನಿಸಿದರೆ ಕೆಳಗೆ ಪ್ಲೈವುಡ್ ತುಂಡು ಅಂಟಿಸಿ, ಎರಡನ್ನೂ ಸೇರಿಸಿ ಸೀಳಿ.

ಬೈಮೆಟಲ್ ಬ್ಲೇಡನ್ನೇ ಕೇಳಿ. ಬೆನ್ನು ಬಳುಕುವ ಸ್ಪ್ರಿಂಗ್ ಉಕ್ಕು, ಹಲ್ಲಿನ ತುದಿ ಎಂ42, ಅಂದರೆ ಶೇ 8ರಷ್ಟು ಕೋಬಾಲ್ಟ್ ಇರುವ ಹೈಸ್ಪೀಡ್ ಉಕ್ಕು. ಕೆಂಪಗೆ ಕಾಯುವ ಹತ್ತಿರ ಬಂದರೂ ಅದರ ಗಡಸು ಇಳಿಯದು. ಅರ್ಧ ದರಕ್ಕೆ ಸಿಗುವ ಕಾರ್ಬನ್ ಬ್ಲೇಡ್ ಹಿತ್ತಾಳೆ, ಅಲ್ಯೂಮಿನಿಯಂಗೆ ಸರಿ. ಚಾಕುವಿನ ಉಕ್ಕಿನಲ್ಲಿ ಬಿಸಿಯಾದೊಡನೆ ಹಲ್ಲು ಮೆತ್ತಗಾಗುತ್ತದೆ. ಹೆಸರಿಲ್ಲದ ಪೊಟ್ಟಣದ ಮೇಲೆ ಬರೀ ‘ಹೆವಿ ಡ್ಯೂಟಿ’ ಎಂದಿದ್ದರೆ ಮುಟ್ಟಬೇಡಿ.

3. ಬ್ಲೇಡಿನ ವೇಗ

ಕಟ್ಟಿಗೆ ಕೊಯ್ಯುವ ಬ್ಯಾಂಡ್ ಸಾ ನಿಮಿಷಕ್ಕೆ 900 ಮೀಟರಿನ ಆಸುಪಾಸು ಓಡುತ್ತದೆ. ಮೆದು ಮಾಡಿದ ಹೈಕಾರ್ಬನ್ ಉಕ್ಕಿಗೆ ಬೇಕಿರುವುದು 30ರಿಂದ 50, ಡಿ2ನಂಥ ಹಟಮಾರಿ ಉಕ್ಕಿಗೆ 20ರಿಂದ 25. ಹಾಗಾಗಿ ‘ಕಟ್ಟಿಗೆ ಮಷೀನಿಗೆ ಕಬ್ಬಿಣದ ಬ್ಲೇಡ್ ಹಾಕಿದರಾಯಿತು’ ಎನ್ನುವವರ ಮಾತು ಕೇಳಬೇಡಿ. 300 ಮಿ.ಮೀ. ಚಕ್ರದ ಸುತ್ತಳತೆ 0.94 ಮೀಟರ್. 30 ಮೀಟರ್ ವೇಗಕ್ಕೆ ಚಕ್ರ ನಿಮಿಷಕ್ಕೆ 32 ಸುತ್ತು ತಿರುಗಬೇಕು. ಮೋಟಾರ್ 1440 ಸುತ್ತಿನದು, ಅಂದರೆ 45 ಪಟ್ಟು ಇಳಿಸಬೇಕು. ಬರೀ ಪುಲ್ಲಿಯಿಂದ ಅದು ಆಗದು. 30:1 ಗೇರ್ ಬಾಕ್ಸ್, ಅದರ ಮೇಲೆ 1.5:1 ಪುಲ್ಲಿ ಬೇಕು. ಮನೆಯಲ್ಲಿ ಹಳೆಯ ಗೇರ್ ಬಾಕ್ಸ್ ಬಿದ್ದಿದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಆಮದು ಯಂತ್ರದ ಪಟ್ಟಿಯಲ್ಲಿ ನಿಮಿಷಕ್ಕೆ 80, 120, 200 ಅಡಿ ಎಂದಿದ್ದರೆ ಅದು 60 ಹರ್ಟ್ಸ್ ಲೆಕ್ಕ. ನಮ್ಮ 50 ಹರ್ಟ್ಸ್‌ನಲ್ಲಿ ಅದು ಸುಮಾರು 20, 30, 50 ಮೀಟರ್ ಆಗುತ್ತದೆ. ನಮಗೆ ಬೇಕಾದದ್ದೂ ಅಷ್ಟೇ.

4. ಯಾವ ಮಾದರಿ?

ಎರಡೇ ನೋಡಿ. ಒಂದು, ಮಲಗಿಸಿಯೂ ನಿಲ್ಲಿಸಿಯೂ ಬಳಸುವ, 4×6 ಇಂಚಿನ ತುಂಡು ಹಿಡಿಸುವ ಯಂತ್ರ: ಬ್ಲೇಡ್ 1638 ಮಿ.ಮೀ. ಉದ್ದ, 13 ಅಗಲ, 0.65 ದಪ್ಪ. ಇನ್ನೊಂದು, ಕೈಯಲ್ಲಿ ಹಿಡಿಯುವ ಪೋರ್ಟಬಲ್ ಸಾ, 1140 ಮಿ.ಮೀ. ಉದ್ದದ 0.5 ದಪ್ಪದ ಬ್ಲೇಡಿನದು. ಅದನ್ನು ಸ್ಟ್ಯಾಂಡಿಗೆ ಬಿಗಿದು ಮೇಲೆ ಮೇಜು ಕೂರಿಸಬೇಕು. ಜಾಗವಿದ್ದರೆ 4×6 ಮೇಲು. ವೇಗ ಬೇಕಾದಷ್ಟು ಇಳಿಸಬಹುದು, ಬ್ಲೇಡ್ ದಪ್ಪ, ಬಾಳಿಕೆ ಹೆಚ್ಚು. ಅದರ ಜೊತೆ ಬರುವ ತೆಳು ತಗಡಿನ ಪುಟ್ಟ ಮೇಜನ್ನು ಮಾತ್ರ ಕಿತ್ತೆಸೆದು 10 ಮಿ.ಮೀ. ಪ್ಲೇಟಿನದು ಮಾಡಿಸಿಕೊಳ್ಳಿ. ಪೋರ್ಟಬಲ್ ಕೊಂಡರೆ ವೇಗದ ಗುಂಡಿ ಸದಾ ಕೆಳಗಿನ ತುದಿಯಲ್ಲಿರಲಿ. ಟ್ರಿಗರಿಗೆ ದಾರ ಕಟ್ಟುವ ಜಾಣತನ ಬೇಡ, ಕಾಲಿನ ಸ್ವಿಚ್ ಹಾಕಿಸಿ.

13 ಮಿ.ಮೀ. ಬ್ಲೇಡ್ ಸುಮಾರು 60 ಮಿ.ಮೀ.ಗಿಂತ ಸಣ್ಣ ತ್ರಿಜ್ಯದಲ್ಲಿ ಹೊರಳುವುದಿಲ್ಲ. ಹಿಡಿಯ ಬಳಿಯ ಒಳಬಾಗಿಗೆ ಗೆರೆಯವರೆಗೂ ಹತ್ತಾರು ನೇರ ಸೀಳು ಹಾಕಿ, ನಡುವಿನ ಚೂರು ಮುರಿದು, ಉಳಿದದ್ದನ್ನು ಗ್ರೈಂಡರಿಗೆ ಬಿಡಿ. ಬಲವಂತವಾಗಿ ತಿರುಗಿಸಿದರೆ ಬ್ಲೇಡ್ ಚಕ್ರದಿಂದ ಜಾರುತ್ತದೆ.

ಬ್ಲೇಡಿನ ಉದ್ದ ವಿಚಿತ್ರವಾಗಿರುವ ಅಗ್ಗದ ಯಂತ್ರ ಕೊಂಡರೆ ಪ್ರತಿ ಸಲವೂ ಸುರುಳಿಯಿಂದ ಕತ್ತರಿಸಿ ಬೆಸೆಸಬೇಕು. ಬೆಸುಗೆಯನ್ನು ಮತ್ತೆ ಕಾಯಿಸಿ ಮೆದು ಮಾಡದಿದ್ದರೆ ಅದು ಗಾಜಿನಂತೆ ಅಲ್ಲೇ ಮುರಿಯುತ್ತದೆ.

5. ಅಂಗಡಿಯಲ್ಲಿ

ಮೆದು ಉಕ್ಕಿನ ತುಂಡು, ಗುನ್ಯಾ, ಅಡ್ಡಪಟ್ಟಿ ಕೈಯಲ್ಲಿರಲಿ. ಎರಡು ಚಕ್ರಗಳ ಮೇಲೆ ಅಡ್ಡಪಟ್ಟಿ ಇಟ್ಟು ಒಂದೇ ಮಟ್ಟವಿದೆಯೇ ನೋಡಿ. ಬ್ಲೇಡ್ ಮೇಜಿಗೆ ಲಂಬವಾಗಿದೆಯೇ ಎಂದು ಗುನ್ಯಾ ಹಿಡಿಯಿರಿ. ಗೈಡ್ ಬೇರಿಂಗುಗಳು ಬ್ಲೇಡನ್ನು ಮುಟ್ಟಿಯೂ ಮುಟ್ಟದಂತಿರಬೇಕು. ಬೋಲ್ಟ್ ತಿರುಗಿಸಿದರೆ ಹತ್ತಿರ, ದೂರ ಸರಿಯಬೇಕು. ಸರಿಯದಿದ್ದರೆ ಆ ಯಂತ್ರ ಜನ್ಮದಲ್ಲಿ ನೇರ ಕತ್ತರಿಸದು. ನಿಮ್ಮ ತುಂಡನ್ನೇ ಕತ್ತರಿಸಿ ತೋರಿಸಲು ಹೇಳಿ. ಒಲ್ಲೆ ಎಂದರೆ ಎದ್ದು ಬನ್ನಿ.

6. ಕರೆಂಟು, ನೆಲ

4×6ಕ್ಕೆ ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಸಾಕು. ಆದರೆ ಊರಲ್ಲಿ ಪಂಪ್‌ಸೆಟ್ ಎಲ್ಲ ಎದ್ದಾಗ ವೋಲ್ಟೇಜ್ 180ಕ್ಕೆ ಇಳಿದರೆ ಮೋಟಾರಿನ ಬಲ ಶೇ 60ಕ್ಕೆ ಕುಸಿಯುತ್ತದೆ. ಆಗ ಒತ್ತಿದರೆ ಸುಡುವುದು ವೈಂಡಿಂಗ್. ವೈರ್ 2.5 ಚದರ ಮಿ.ಮೀ. ಇರಲಿ. ಬೇಸಿಗೆಯಲ್ಲಿ ಎರೆ ಮಣ್ಣು ಬಿರಿದು ಅರ್ತಿಂಗ್ ಗುಂಡಿ ಒಣಗುತ್ತದೆ, ನೀರು ಹಾಕುತ್ತಿರಿ. ಮುರುಮಿನ ಮೇಲೆ ಹಾಸಿದ ಶಹಾಬಾದ್ ಫರಸಿ ಕುಣಿಯುತ್ತದೆ; ಕಾಲಿನ ಕೆಳಗೆ ಟೊಳ್ಳು ಸದ್ದು ಬಂದರೆ ಸಿಮೆಂಟ್ ತುಂಬಿಸಿ.

7. ಮೊದಲ ಸೀಳು

ಟ್ರಾಕ್ಟರ್ ಟ್ರಾಲಿಯ ಹಳೆಯ ಪಾಟಾ (ಸ್ಪ್ರಿಂಗ್ ಪಟ್ಟಿ) ತಂದು ನೇರ ಬ್ಲೇಡಿಗೆ ಕೊಟ್ಟವರು ಹೊಸ ಬ್ಲೇಡನ್ನು ಒಂದೇ ಸೀಳಿನಲ್ಲಿ ಮುಗಿಸುತ್ತಾರೆ. ‘ಅರ ಹಿಡಿಯಿತು, ಮೆದುವೇ ಇದೆ’ ಎಂಬ ಪರೀಕ್ಷೆ ಇಲ್ಲಿ ಮೋಸ. ಪಾಟಾದ ಗಡಸು 45 ಎಚ್‌ಆರ್‌ಸಿ (ರಾಕ್‌ವೆಲ್ ಗಡಸಿನ ಅಳತೆ) ಆಸುಪಾಸು, ಅರದ್ದು 60ರ ಮೇಲೆ. ಅರ ಹಿಡಿದೇ ಹಿಡಿಯುತ್ತದೆ. ಪಕ್ಕದಲ್ಲಿ ಸಾದಾ ಕಬ್ಬಿಣದ ಸರಳಿಟ್ಟು ಎರಡನ್ನೂ ಅರದಿಂದ ಉಜ್ಜಿ ಹೋಲಿಸಿ. ಗಟ್ಟಿ ಅನ್ನಿಸಿದರೆ ಕುಲುಮೆಯಲ್ಲಿ ಆಯಸ್ಕಾಂತ ಹಿಡಿಯದಷ್ಟು ಕಾಯಿಸಿ, ಇನ್ನೊಂಚೂರು ಕೆಂಪೇರಿಸಿ, ಒಣ ಬೂದಿಯಲ್ಲಿ ಗೇಣು ಆಳ ಹೂತು ಬೆಳಗಿನವರೆಗೆ ಬಿಡಿ. ತೊಗರಿ ಕಟ್ಟಿಗೆಯ ಬೂದಿ ನಮ್ಮಲ್ಲಿ ಬೇಕಾದಷ್ಟಿದೆ, ಜರಡಿ ಹಿಡಿದು ಡಬ್ಬಿಯಲ್ಲಿ ತುಂಬಿಡಿ. ಪಟ್ಟಿ ತೆಳುವಾಗಿದ್ದರೆ ಬೇಗ ಆರಿಬಿಡುತ್ತದೆ; ಅಷ್ಟೇ ಕಾಯಿಸಿದ ದಪ್ಪ ಕಬ್ಬಿಣದ ತುಂಡೊಂದನ್ನು ಜೊತೆಗೆ ಹೂಳಿ.

ಹೊಸ ಬ್ಲೇಡಿನ ಮೊದಲ 10–15 ನಿಮಿಷ ಅರ್ಧ ಒತ್ತಡದಲ್ಲಷ್ಟೇ ಕತ್ತರಿಸಿ. ಸೂಜಿಯಷ್ಟು ಚೂಪಾದ ಹಲ್ಲಿನ ತುದಿ ಕೊಂಚ ಸವೆದು ನಿಲ್ಲಬೇಕು. ಅವಸರ ಮಾಡಿದರೆ ಸವೆಯುವ ಬದಲು ಒಡೆಯುತ್ತದೆ. ಹಳೆಯ ಬ್ಲೇಡ್ ಅರ್ಧ ಸೀಳಿ ಬಿಟ್ಟ ಸಂದಿಗೆ ಹೊಸದನ್ನು ತೂರಿಸಬೇಡಿ, ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಬದಿಯಿಂದ ಶುರು ಮಾಡಿ.

ಚೂರು ನೋಡುತ್ತಿರಿ. ಬೆಳ್ಳಗೆ ಸುರುಳಿಯಾಗಿ ಬಿದ್ದರೆ ಸರಿ. ಹಿಟ್ಟಿನಂತೆ ಉದುರಿದರೆ ಒತ್ತಡ ಸಾಲದು, ಇಲ್ಲವೇ ಹಲ್ಲು ಮೊಂಡಾಗಿದೆ. ನೀಲಿಯಾದರೆ ವೇಗ ಅಥವಾ ಒತ್ತಡ ಹೆಚ್ಚಾಗಿದೆ. ಬಿದರಿಯವರ ಸತುವಿನ ಮಿಶ್ರಲೋಹವನ್ನು ಚಾಕುವಿನ ಹಿಡಿಗೆ ಬಳಸುವವರು ಅದಕ್ಕೆ ಒರಟು ಹಲ್ಲಿನ ಬೇರೆ ಬ್ಲೇಡ್ ಇಟ್ಟುಕೊಳ್ಳಿ. ಮೆತ್ತನೆ ಲೋಹ ಸಣ್ಣ ಹಲ್ಲಿನ ಸಂದಿಗಳನ್ನು ಮುಚ್ಚಿಬಿಡುತ್ತದೆ.

ಕೈಗವಸು ಹಾಕಬೇಡಿ, ಬ್ಲೇಡ್ ಅದನ್ನೂ ಬೆರಳನ್ನೂ ಒಟ್ಟಿಗೇ ಎಳೆಯುತ್ತದೆ. ಕೊನೆಯ ಎರಡು ಇಂಚನ್ನು ಕಟ್ಟಿಗೆಯ ತುಂಡಿನಿಂದ ತಳ್ಳಿ. ಕೆಲಸ ಮುಗಿದ ಮೇಲೆ ಟೆನ್ಷನ್ ಗುಂಡಿಯನ್ನು ಎರಡು ಸುತ್ತು ಸಡಿಲಿಸಿ, ಚಕ್ರದ ಮೇಲಿನ ಚೂರನ್ನು ಬ್ರಷ್‌ನಿಂದ ತೆಗೆದಿಡಿ.