ಚೌಕಾಬಾರದ ಬೀಜ, ಸಿಕಲ್ ಸೆಲ್ ಕಾರ್ಡು

ಎಚ್.ಡಿ. ಕೋಟೆ ತಾಲ್ಲೂಕಿನ ಆದಿವಾಸಿ ಹಾಡಿಗಳಲ್ಲಿ ನಾನು ಸಮುದಾಯ ಆರೋಗ್ಯಾಧಿಕಾರಿ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರು ಮಾಡಿತು. ಸಿಕಲ್ ಸೆಲ್ ಅಂದರೆ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವ, ಅಪ್ಪ ಅಮ್ಮನಿಂದ ಬರುವ ರಕ್ತದ ಕಾಯಿಲೆ. 40 ವರ್ಷದೊಳಗಿನ 7 ಕೋಟಿ ಜನರಿಗೆ 3 ವರ್ಷದಲ್ಲಿ ತಪಾಸಣೆ, 2047ಕ್ಕೆ ನಿರ್ಮೂಲನೆ. ನಮ್ಮ ಕೈಗೆ ಬಂದದ್ದು ಕಿಟ್ಟಿನ ಡಬ್ಬ ಮತ್ತು ಟಾರ್ಗೆಟ್ಟು.

ಪರೀಕ್ಷೆ ಸುಲಭ. ಬೆರಳು ಚುಚ್ಚಿ ತೆಗೆದ ರಕ್ತವನ್ನು ದ್ರಾವಣದ ಟ್ಯೂಬಿಗೆ ಹಾಕಿ ಐದು ನಿಮಿಷ ಬಿಡಬೇಕು. ಆಮೇಲೆ ಟ್ಯೂಬನ್ನು ಕಪ್ಪು ಗೆರೆ ಎಳೆದ ಕಾಗದದ ಮುಂದೆ ಹಿಡಿಯಬೇಕು. ಗೆರೆ ಕಂಡರೆ ಸಿಕಲ್ ಇಲ್ಲ. ದ್ರಾವಣ ಕದಡಿ ಗೆರೆ ಮುಚ್ಚಿಹೋದರೆ ಇದೆ. ಆದರೆ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದ ರೋಗಿಯೋ, ಒಬ್ಬರಿಂದ ಮಾತ್ರ ಬಂದ ವಾಹಕರೋ ಅನ್ನುವುದು ಇದರಲ್ಲಿ ತಿಳಿಯದು. ಅದಕ್ಕೆ ಎಚ್‌ಪಿಎಲ್‌ಸಿ, ಅಂದರೆ ರಕ್ತದ ಹಿಮೋಗ್ಲೋಬಿನ್ ಯಾವ ಬಗೆಯದು ಅಂತ ತೋರಿಸುವ ಲ್ಯಾಬ್ ಪರೀಕ್ಷೆ ಆಗಬೇಕು.

ಮೊದಲ ಕ್ಯಾಂಪಿನಲ್ಲೇ ನಾನು ಎಡವಿದೆ. ಅಂಗನವಾಡಿ ಜಗಲಿಯಲ್ಲಿ ಕೂತು, ಗೆರೆ ಮುಚ್ಚಿದವರ ಹೆಸರನ್ನಷ್ಟೇ ಕೂಗಿ ಇನ್ನೊಮ್ಮೆ ರಕ್ತ ತೆಗೆದೆ. ಸಂಜೆಯೊಳಗೆ ಒಬ್ಬ ಹುಡುಗಿ ‘ಕೆಟ್ಟ ರಕ್ತದವಳು’ ಆಗಿಬಿಟ್ಟಿದ್ದಳು. ರಿಪೋರ್ಟಿನಲ್ಲಿ ಆಕೆ ಬರೀ ವಾಹಕಿ, ಕಾಯಿಲೆಯೇ ಇಲ್ಲ. ಅಷ್ಟರಲ್ಲಿ ಬಂದಿದ್ದ ಸಂಬಂಧ ತಪ್ಪಿಹೋಗಿತ್ತು. ಈಗ ಎಲ್ಲರನ್ನೂ ಒಬ್ಬೊಬ್ಬರಾಗಿ ಒಳಗೆ ಕರೆಯುತ್ತೇನೆ, ಸರಿ ಇದ್ದವರನ್ನೂ.

‘ವಾಹಕ’ ಅನ್ನುವ ಮಾತೂ ಕೆಲಸಕ್ಕೆ ಬರಲಿಲ್ಲ. ಬಸ್ಸಿನಲ್ಲಿ ‘ನಿರ್ವಾಹಕ’ ಅಂತ ಓದಿದ್ದ ಹುಡುಗನೊಬ್ಬ, “ಅಂದ್ರೆ ನಾನು ಕಂಡಕ್ಟ್ರಾ ಅಕ್ಕ?” ಅಂದ. ಅವತ್ತೇ ಚೌಕಾಬಾರದ ನೆನಪಾಯಿತು. ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತೇದು ಬೆಳ್ಳಗೆ ಮಾಡಿದೆ. ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ: ವಾಹಕರು ಅಂದರೆ ಇದೇ. ಗಂಡನ ಕೈಗೊಂದು, ಹೆಂಡತಿ ಕೈಗೊಂದು ಕೊಟ್ಟು ಹಾಕಿಸುತ್ತೇನೆ. ಎರಡೂ ಕಪ್ಪು ಬಿದ್ದರೆ ಮಗುವಿಗೆ ಕಾಯಿಲೆ, ಒಂದೇ ಕಪ್ಪು ಬಿದ್ದರೆ ಅಪ್ಪ ಅಮ್ಮನ ಹಾಗೆ ವಾಹಕ, ಎರಡೂ ಬಿಳಿಯಾದರೆ ಏನೂ ಇಲ್ಲ. “ನಾಕ್ರಲ್ಲಿ ಒಂದು ಅಂದ್ರಿ. ಮೊದಲ್ನೇದಕ್ಕೆ ಬಂತಲ್ಲ, ಇನ್ನ ಮೂರು ಚೆನ್ನಾಗಿರ್ತವಾ?” ಅಂದಳು ಒಬ್ಬಳು. ಮತ್ತೆ ಹಾಕಿಸಿದೆ. ಮತ್ತೆ ಎರಡೂ ಕಪ್ಪು. ಆಕೆ ಬೀಜಗಳನ್ನೇ ನೋಡುತ್ತ ಕೂತಳು. ಪ್ರತಿ ಬಸಿರಿಗೂ ಆಟ ಹೊಸದು ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಪರೀಕ್ಷೆಯ ಫಲಿತಾಂಶ ಬರೆದ ಸಿಕಲ್ ಸೆಲ್ ಕಾರ್ಡು ನೋಡಿ ಮದುವೆ ಮಾಡಿ ಅನ್ನುತ್ತದೆ ಸರ್ಕಾರ. ಇಲ್ಲಿ ಹುಡುಗ ಹುಡುಗಿ ಒಪ್ಪಿ ಕಾಡಿಗೆ ಹೋಗಿ ಬಂದರೆ ಮದುವೆ ಆದಂತೆ, ಕಾರ್ಡು ಟ್ರಂಕಿನಲ್ಲೇ ಇರುತ್ತದೆ. ಅದಕ್ಕೆ ನಾನು ಮದುವೆಯ ಮಾತು ಬಿಟ್ಟು ತಾಯಿ ಕಾರ್ಡು ಹಿಡಿದೆ. ಬಸಿರಿ ಹೆಸರು ಬರೆಸಿದ ದಿನವೇ ಆಕೆಗೆ ಪರೀಕ್ಷೆ, ಸಿಕಲ್ ಕಂಡರೆ ಅದೇ ವಾರ ಗಂಡನಿಗೂ. ಇಬ್ಬರೂ ವಾಹಕರಾದರೆ 10-12ನೇ ವಾರದಲ್ಲೇ ದೊಡ್ಡಾಸ್ಪತ್ರೆಯಲ್ಲಿ ಭ್ರೂಣದ ಪರೀಕ್ಷೆ ಮಾಡಿಸಬಹುದು. ಲಿಂಗಪತ್ತೆ ನಿಷೇಧಿಸಿದ 1994ರ ಕಾಯ್ದೆಯೇ ಇದಕ್ಕೆ ಅವಕಾಶ ಕೊಟ್ಟಿದೆ. ಮುಂದಿನದು ಗಂಡ ಹೆಂಡಿರಿಗೆ ಬಿಟ್ಟದ್ದು, ಅಲ್ಲಿ ನಾನು ಬಾಯಿ ಹಾಕುವುದಿಲ್ಲ.

ಕಷ್ಟ ಅಂದರೆ ಗಂಡಂದಿರು ಸಿಗುವುದು. ಕಾಫಿ ಕುಯ್ಲಿನ ಕಾಲದಲ್ಲಿ ಹಾಡಿ ಅರ್ಧ ಖಾಲಿ, ಎಲ್ಲರೂ ಕೊಡಗಿನ ಲೈನ್‌ಮನೆಗಳಲ್ಲಿ. ಉಳಿದವರನ್ನು ಬೆಳಿಗ್ಗೆ ಆರಕ್ಕೇ ಕೂಲಿ ಜೀಪು ಹತ್ತಿಸಿಕೊಂಡು ಹೋಗುತ್ತದೆ. ಹಾಗಾಗಿ ನಾನೂ ಐದೂವರೆಗೇ ಹೋಗುತ್ತೇನೆ. ಹೋದ ತಿಂಗಳು ಒಬ್ಬನನ್ನು ಶಾಲೆ ಗೋಡೆಯ ಮರೆಗೆ ಕರೆದು ಬೆರಳು ಚುಚ್ಚಿದೆ. ಹೆಂಡತಿ ವಾಹಕಿ. ಐದು ನಿಮಿಷ ಅವನೇ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದ.

“ಗೆರೆ ಕಾಣ್ತಾ ಅದೆ. ಹೋಗ್ಲಾ?”

“ತಡಿಯಪ್ಪ, ತೋಳಿಂದ ಇನ್ನೊಂದು ಸಲ ತಗೋಬೇಕು.” ತಲಸ್ಸೀಮಿಯಾ ಅನ್ನುವ, ಅಪ್ಪ ಅಮ್ಮನಿಂದಲೇ ಬರುವ ಇನ್ನೊಂದು ರಕ್ತದ ದೋಷ ಈ ಟ್ಯೂಬಿಗೆ ಸಿಕ್ಕುವುದಿಲ್ಲ. ಅವನು ಅದರ ವಾಹಕನಾಗಿದ್ದರೂ ಮಗುವಿಗೆ ಕಾಯಿಲೆ ಬರಬಹುದು.

“ಸರಿ ಇದ್ರೂನೂವಾ?” ಅಂದು ಜೀಪಿನ ಕಡೆ ನೋಡಿದ. ಡ್ರೈವರು ಹಾರನ್ ಹೊಡೆಯುತ್ತಲೇ ಇದ್ದ. ನಾನು ತೋಳಿಗೆ ಪಟ್ಟಿ ಕಟ್ಟಿದೆ.