ಸ್ಕ್ಯಾನ್ ಬದಲಾದಾಗ ಸ್ಟೇಜ್ ಏಕೆ ಏರುತ್ತದೆ? ಪ್ರಾಸ್ಟೇಟ್ ಕ್ಯಾನ್ಸರ್ ವರದಿ ಓದುವುದು ಹೀಗೆ

ಸೋಮವಾರಪೇಟೆಯ ನಮ್ಮ ದೊಡ್ಡಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾದಾಗ ಸಿಟಿ, ಬೋನ್ ಸ್ಕ್ಯಾನ್ ಎರಡರಲ್ಲೂ ಏನೂ ಕಾಣಲಿಲ್ಲ. ಹದಿನೈದು ದಿನ ಬಿಟ್ಟು ಮೈಸೂರಿನಲ್ಲಿ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಆಯಿತು, ಈ ಕ್ಯಾನ್ಸರ್ ಎಲ್ಲೆಲ್ಲಿದೆ ಎಂದು ಹುಡುಕುವ ಹೊಸ ಬಗೆಯ ಸ್ಕ್ಯಾನ್ ಅದು. ಕಿಬ್ಬೊಟ್ಟೆಯ ಒಂದು ಲಿಂಫ್ ಗ್ರಂಥಿ ಹೊಳೆಯುತ್ತಿತ್ತು. ವರದಿಯಲ್ಲಿ ಸ್ಟೇಜ್, ಅಂದರೆ ಕ್ಯಾನ್ಸರ್ ಎಷ್ಟು ಹರಡಿದೆ ಎಂಬ ಹಂತ, ನಾಲ್ಕು-ಎ.

"ಹದಿನೈದೇ ದಿನಕ್ಕೆ ಇಷ್ಟು ಹಬ್ತೇನೋ?" ಎಂದರು ದೊಡ್ಡಪ್ಪ. ಹಬ್ಬಿರಲಿಲ್ಲ. ಮೊದಲೇ ಇದ್ದದ್ದು ಈಗ ಕಂಡಿತ್ತು.

ವರದಿಯಲ್ಲಿ ಮೊದಲು ಅಕ್ಷರ ನೋಡಿ. ಟಿ ಅಂದರೆ ಗಡ್ಡೆ, ಎನ್ ಅಂದರೆ ಹತ್ತಿರದ ಲಿಂಫ್ ಗ್ರಂಥಿ, ಎಂ ಅಂದರೆ ಮೂಳೆ ಮುಂತಾದ ದೂರದ ಜಾಗ. ಪಕ್ಕದ 0 ಅಂದರೆ ಅಲ್ಲಿ ಕ್ಯಾನ್ಸರ್ ಕಂಡಿಲ್ಲ, 1 ಅಂದರೆ ಕಂಡಿದೆ. ಎನ್0 ಇದ್ದದ್ದು ಎನ್1 ಆದರೆ ಸಾಕು, ಲೆಕ್ಕದಲ್ಲಿ ಅದು ನಾಲ್ಕು-ಎ. ಎಂ0 ಹಾಗೇ ಇದ್ದರೆ ಗುಣಪಡಿಸುವ ಗುರಿಯಿಟ್ಟೇ ರೇಡಿಯೇಷನ್ ಕೊಡುವುದುಂಟು. ನಾಲ್ಕು ಎಂಬ ಅಂಕಿ ಕಂಡು ಕುಸಿಯಬೇಡಿ.

ಎಂಆರ್‌ಐ ಆದಷ್ಟೂ ಬಯಾಪ್ಸಿಗೆ (ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸುವುದಕ್ಕೆ) ಮುಂಚೆಯೇ ಮಾಡಿಸಿ. ಸೂಜಿ ಚುಚ್ಚಿದ ಮೇಲೆ ಒಳಗೆ ರಕ್ತ ನಿಂತು ಚಿತ್ರ ಕಲಸಿಹೋಗುತ್ತದೆ. ಆಮೇಲಾದರೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಕಾಯಿಸುತ್ತಾರೆ. ಎಂಆರ್‌ಐ ವರದಿಯಲ್ಲಿ ಪೈರಾಡ್ಸ್ 4 ಅಂತಿದ್ದರೆ ಅದು ನಾಲ್ಕನೇ ಸ್ಟೇಜ್ ಅಲ್ಲ! ಕ್ಯಾನ್ಸರ್ ಇರುವ ಅನುಮಾನ ಎಷ್ಟು ಎಂದು 1ರಿಂದ 5ರವರೆಗೆ ಕೊಡುವ ಅಂಕ ಅದು.

ಇನ್ನು ಪೆಟ್. ಚೀಟಿಯಲ್ಲಿ 'ಪಿಎಸ್‌ಎಂಎ' ಎಂದು ಬರೆದಿದೆಯಾ ನೋಡಿಕೊಳ್ಳಿ. ಸಕ್ಕರೆ ಅಂಶ ಚುಚ್ಚಿ ಮಾಡುವ ಮಾಮೂಲಿ ಪೆಟ್ ಈ ಕ್ಯಾನ್ಸರ್‌ಗೆ ಅಷ್ಟು ಉಪಯೋಗವಿಲ್ಲ. ಪಿಎಸ್‌ಎಂಎ ಎಂಬುದು ಪ್ರಾಸ್ಟೇಟ್ ಕ್ಯಾನ್ಸರ್ ಕಣಗಳ ಮೇಲೆ ಜಾಸ್ತಿ ಇರುವ ಪ್ರೋಟೀನ್. ಅದಕ್ಕೆ ಅಂಟುವ ವಿಕಿರಣ ಔಷಧ ಚುಚ್ಚಿ, ಸುಮಾರು ಒಂದು ಗಂಟೆ ಕೂರಿಸಿ, ಚಿತ್ರ ತೆಗೆಯುತ್ತಾರೆ. ಕ್ಯಾನ್ಸರ್ ಹರಡುವ ಅಪಾಯ ಹೆಚ್ಚಿದ್ದ 302 ಗಂಡಸರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹರಡಿದೆಯೋ ಇಲ್ಲವೋ ಎಂದು ಸರಿಯಾಗಿ ಹೇಳಿದ್ದು ಪಿಎಸ್‌ಎಂಎ ಪೆಟ್ 92%, ಸಿಟಿ ಮತ್ತು ಬೋನ್ ಸ್ಕ್ಯಾನ್ ಸೇರಿ 65%. ಹಾಗಂತ ಎಲ್ಲರಿಗೂ ಬೇಕಿಲ್ಲ. ಅಪಾಯ ಕಡಿಮೆ ಇರುವವರಿಗೆ ಇದು ಸುಮ್ನೆ ಖರ್ಚು.

ಗ್ಯಾಲಿಯಂ-68 ಔಷಧವಾದರೆ 68 ನಿಮಿಷಕ್ಕೆ ಅದರ ಶಕ್ತಿ ಅರ್ಧವಾಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ನಿಮ್ಮ ಪಾಲಿನ ಔಷಧ ಕಾಯುವುದಿಲ್ಲ. ಹಿಂದಿನ ರಾತ್ರಿಯೇ ಹೋಗಿ ಉಳಿಯಿರಿ. ನೀರು ಚೆನ್ನಾಗಿ ಕುಡಿಯಿರಿ, ಮೆಷಿನ್ ಮೇಲೆ ಮಲಗುವ ಮುಂಚೆ ಮೂತ್ರಕ್ಕೆ ಹೋಗಿ ಬನ್ನಿ. ಮೂತ್ರದಲ್ಲೂ ಔಷಧ ಇರುತ್ತದೆ. ಮೂತ್ರಚೀಲ ತುಂಬಿದ್ದರೆ ಪಕ್ಕದ ಪ್ರಾಸ್ಟೇಟ್ ಸರಿಯಾಗಿ ಕಾಣುವುದಿಲ್ಲ.

ಚಿತ್ರ ಕೈಗೆ ಬಂದಾಗ ದೊಡ್ಡಪ್ಪ ಇನ್ನೊಮ್ಮೆ ಹೆದರಿದರು. ಕೆನ್ನೆ, ಕಿಡ್ನಿ ಎಲ್ಲ ಕೆಂಡದ ಹಾಗೆ ಉರಿಯುತ್ತಿದ್ದವು. ಜೊಲ್ಲಿನ ಗ್ರಂಥಿ, ಕಿಡ್ನಿ ಎಲ್ಲರಲ್ಲೂ ಹೊಳೆಯುತ್ತವೆ. ಪಕ್ಕೆಲುಬಿನಲ್ಲಿ ಒಂದೇ ಮಸುಕು ಚುಕ್ಕಿ ಇದ್ದರೂ ಅದು ಎಷ್ಟೋ ಸಲ ಕ್ಯಾನ್ಸರ್ ಆಗಿರುವುದಿಲ್ಲ. ಅಂಥ ಚುಕ್ಕಿ ನಂಬಿ ಆಪರೇಷನ್ ಬಿಡುವ ಮುಂಚೆ "ಇದನ್ನು ಬೇರೆ ರೀತಿ ಖಚಿತಪಡಿಸಬಹುದಾ ಡಾಕ್ಟ್ರೇ?" ಎಂದು ಕೇಳಿ.

ಕೊನೆಗೆ ಇಂಟರ್‌ನೆಟ್‌ನಲ್ಲಿ ಸಿಗುವ 'ಈ ಸ್ಟೇಜ್‌ನವರು ಇಷ್ಟು ವರ್ಷ' ಎಂಬ ಲೆಕ್ಕ. ಅವುಗಳಲ್ಲಿ ಬಹುಪಾಲು ಹಳೇ ಸ್ಕ್ಯಾನ್ ಕಾಲದವು, ಹೊಸ ಸ್ಕ್ಯಾನ್‌ನಿಂದ ಸ್ಟೇಜ್ ಏರಿದವರಿಗೆ ಸರಿಯಾಗಿ ಹೊಂದುವುದಿಲ್ಲ. ನಮ್ಮೂರವರಿಗೆ ಇದನ್ನು ಕಾಫಿಯಲ್ಲಿ ಹೇಳುವುದೇ ಸುಲಭ. ಒಳ್ಳೇ ಔಟ್‌ಟರ್ನ್ (ಒಣಗಿದ ಕಾಯಿಯಿಂದ ಸಿಗುವ ಬೀಜದ ಪ್ರಮಾಣ) ಬರುವ ರಾಶಿಯಲ್ಲಿದ್ದ ಸಾಧಾರಣ ಚೀಲವನ್ನು ಕಳಪೆ ರಾಶಿಗೆ ಹಾಕಿ. ಎರಡೂ ರಾಶಿಯ ಸರಾಸರಿ ಏರುತ್ತದೆ, ಒಂದು ಬೀಜವೂ ಬದಲಾಗಿರುವುದಿಲ್ಲ. ದೊಡ್ಡಪ್ಪ ಆ ಚೀಲ. ಅದಕ್ಕೇ ಡಾಕ್ಟರ್ ಹತ್ತಿರ ಎರಡು ಪ್ರಶ್ನೆ ಕೇಳಿ: ಹಳೇ ಸ್ಕ್ಯಾನ್ ಪ್ರಕಾರ ಸ್ಟೇಜ್ ಎಷ್ಟು, ಪೆಟ್ ಪ್ರಕಾರ ಎಷ್ಟು? ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ? ದೊಡ್ಡಪ್ಪನಿಗೆ ಬದಲಾಯಿತು: ರೇಡಿಯೇಷನ್ ಆ ಲಿಂಫ್ ಗ್ರಂಥಿಗೂ ತಲುಪುವಂತೆ ಯೋಜನೆ ಹಾಕಿದರು.

ಡಾಕ್ಟರ್ ಹತ್ತಿರ ಹೋಗುವಾಗ ಬರೀ ವರದಿ ಸಾಲದು, ಸ್ಕ್ಯಾನ್ ಸಿಡಿ ಬೇಕು. ನಾವು ಅದನ್ನು ಮನೆಯ ಟಿವಿ ಮೇಲೆ ಮರೆತು, ಅರ್ಧ ದಿನ ಹಾಳು ಮಾಡಿಕೊಂಡೆವು.