ಯಾವ ಕಡತಕ್ಕೆ ಯಾವ ಪ್ಲೇಯರ್: ಮನೆಯ ಕಂಪ್ಯೂಟರಿನಲ್ಲಿ ನಾನು ಮಾಡಿಕೊಂಡ ಏರ್ಪಾಡು

ಉಡುಪಿಯ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಸಿನಿಮಾಗಳಿಗಿಂತ ಯಕ್ಷಗಾನವೇ ಹೆಚ್ಚು. ಹಳೆಯ ವಿಸಿಡಿಗಳಿಂದ ಇಳಿಸಿಕೊಂಡ ಪ್ರಸಂಗಗಳು, ಕ್ಯಾಸೆಟ್ಟಿನಿಂದ ಎಂಪಿ3 ರೂಪಕ್ಕೆ ತಂದ ತಾಳಮದ್ದಳೆಗಳು, ಮೊಬೈಲಿನಲ್ಲಿ ಚಿತ್ರೀಕರಿಸಿದ ಬಯಲಾಟಗಳು ಎಲ್ಲವೂ ಅದರಲ್ಲಿವೆ. ವಿಂಡೋಸ್ 11 ಇವುಗಳಲ್ಲಿ ಕೆಲವನ್ನು ತನ್ನದೇ ಮೀಡಿಯಾ ಪ್ಲೇಯರಿನಲ್ಲಿ ತೆರೆಯುತ್ತಿತ್ತು, ಇನ್ನು ಕೆಲವನ್ನು ಯಾವುದರಲ್ಲಿ ತೆರೆಯಲಿ ಎಂದು ಕೇಳುತ್ತಿತ್ತು. ಎರಡು ಬಾರಿ ಕ್ಲಿಕ್ ಮಾಡಿದ ಕೂಡಲೇ ಆಟ ಶುರುವಾಗಬೇಕೆಂಬುದು ತಂದೆಯವರ ಅಪೇಕ್ಷೆ.

ವಿಡಿಯೊಗಳಿಗೆ ನಾನು ವಿಎಲ್‌ಸಿ ಎಂಬ ಉಚಿತ ಪ್ಲೇಯರನ್ನು ಆರಿಸಿದೆ. ಬಗೆಬಗೆಯ ವಿಡಿಯೊ, ಆಡಿಯೊಗಳನ್ನು ಬಿಡಿಸಿ ಆಡಿಸಲು ಬೇಕಾದ ಕೋಡೆಕ್‌ಗಳು ಬಹುಪಾಲು ಅದರೊಳಗೇ ಇರುವುದರಿಂದ ಬೇರೇನನ್ನೂ ಹಾಕಿಕೊಳ್ಳಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಡೀ ರಾತ್ರಿಯ ಆಟವನ್ನು ಒಂದೇ ಬಾರಿಗೆ ಕುಳಿತು ನೋಡುವವರು ಮನೆಯಲ್ಲಿ ಯಾರೂ ಇಲ್ಲದ ಕಾರಣ, ನಿಲ್ಲಿಸಿದ ಜಾಗದಿಂದಲೇ ಮುಂದುವರಿಸುವ ಅದರ ಸೌಲಭ್ಯ ನಮಗೆ ಅಗತ್ಯವಾಗಿತ್ತು.

ಕಡತವನ್ನು ಯಾವ ತಂತ್ರಾಂಶದಲ್ಲಿ ತೆರೆಯಬೇಕೆಂದು ತೀರ್ಮಾನಿಸಲು ವಿಂಡೋಸ್ ನೋಡುವುದು ಕಡತದ ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಎಕ್ಸ್‌ಟೆನ್ಶನ್ನನ್ನು ಮಾತ್ರ. ಒಳಗೆ ಏನಿದೆ ಎಂಬುದನ್ನಲ್ಲ. ಈ ಎಕ್ಸ್‌ಟೆನ್ಶನ್ ಸಾಮಾನ್ಯವಾಗಿ ಮರೆಯಾಗಿರುವುದರಿಂದ ಮೊದಲು ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಶೋ ಎಂಬಲ್ಲಿಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದನ್ನು ಗುರುತು ಮಾಡಿದೆ. ಆನಂತರ ಒಂದು ಎಂಪಿ4 ಕಡತದ ಮೇಲೆ ಬಲ ಕ್ಲಿಕ್ ಮಾಡಿ, ಓಪನ್ ವಿತ್, ಚೂಸ್ ಅನದರ್ ಆಪ್ ಎಂಬ ದಾರಿಯಲ್ಲಿ ಹೋಗಿ, ವಿಎಲ್‌ಸಿಯನ್ನು ಆರಿಸಿ ಆಲ್ವೇಸ್ ಒತ್ತಿದೆ. ಎಂಕೆವಿ, ಎವಿಐ ಮೊದಲಾದ ಬೇರೆ ವಿಡಿಯೊ ಎಕ್ಸ್‌ಟೆನ್ಶನ್‌ಗಳಿಗೆ ಸೆಟ್ಟಿಂಗ್ಸಿನ ಆಪ್ಸ್ ವಿಭಾಗದಲ್ಲಿರುವ ಡೀಫಾಲ್ಟ್ ಆಪ್ಸ್ ಪುಟವೇ ಅನುಕೂಲ. ಅಲ್ಲಿ ವಿಎಲ್‌ಸಿಯ ಹೆಸರನ್ನು ಒತ್ತಿದರೆ ಅದು ತೆರೆಯಬಲ್ಲ ಎಕ್ಸ್‌ಟೆನ್ಶನ್‌ಗಳೆಲ್ಲ ಸಾಲಾಗಿ ಕಾಣುತ್ತವೆ, ಒಂದೊಂದನ್ನೇ ಬದಲಾಯಿಸುತ್ತ ಹೋಗಬಹುದು. ಇದು ಬೇಸರದ ಕೆಲಸವೇ. ಆದರೆ ವಿಂಡೋಸ್ 8ರಿಂದೀಚೆಗೆ ಯಾವುದೇ ತಂತ್ರಾಂಶ ನಮ್ಮನ್ನು ಕೇಳದೆ ತಾನಾಗಿ ಡೀಫಾಲ್ಟ್, ಅಂದರೆ ಕಡತವನ್ನು ಸದಾ ತೆರೆಯುವ ತಂತ್ರಾಂಶ, ಆಗಿ ಕೂರದಂತೆ ಬಿಗಿ ಮಾಡಿರುವುದರಿಂದ, ಈ ಬೇಸರವನ್ನು ನಾನು ಸಹಿಸಿಕೊಳ್ಳುತ್ತೇನೆ.

ಹೆಚ್ಚು ಯೋಚಿಸಬೇಕಾಗಿ ಬಂದದ್ದು ವಿಸಿಡಿಗಳ ವಿಷಯದಲ್ಲಿ. ಅವುಗಳಲ್ಲಿ ಎಂಪೆಗ್‌ಎವಿ ಎಂಬ ಫೋಲ್ಡರಿನೊಳಗೆ ವಿಡಿಯೊ ಇರುವುದು ಡಿಎಟಿ ಎಂಬ ಎಕ್ಸ್‌ಟೆನ್ಶನ್ನಿನಲ್ಲಿ. ಅದನ್ನೂ ವಿಎಲ್‌ಸಿಗೆ ಒಪ್ಪಿಸಿಬಿಡಬಹುದಿತ್ತು; ಆದರೆ ವಿಡಿಯೊಗೆ ಸಂಬಂಧವೇ ಇಲ್ಲದ ಅನೇಕ ತಂತ್ರಾಂಶಗಳು ತಮ್ಮ ಮಾಹಿತಿಯನ್ನು ಇದೇ ಎಕ್ಸ್‌ಟೆನ್ಶನ್ನಿನಲ್ಲಿ ಇಟ್ಟುಕೊಳ್ಳುತ್ತವೆ, ಅವೆಲ್ಲಕ್ಕೂ ವಿಎಲ್‌ಸಿಯ ಕಿತ್ತಳೆ ಬಣ್ಣದ ಕೋನ್ ಚಿಹ್ನೆ ಅಂಟಿಕೊಳ್ಳುವುದು ನನಗೆ ಸರಿಕಾಣಲಿಲ್ಲ. ಆದ್ದರಿಂದ ಹಾರ್ಡ್ ಡಿಸ್ಕಿಗೆ ನಕಲು ಮಾಡಿದ ಮೇಲೆ ಡಿಎಟಿ ಎಂಬುದನ್ನು ಅಳಿಸಿ ಎಂಪಿಜಿ ಎಂದು ಹೆಸರು ಬದಲಾಯಿಸಿದೆ. ಒಳಗಿರುವುದು ಎಂಪೆಗ್-1 ವಿಡಿಯೊವೇ ಆದ ಕಾರಣ ವಿಎಲ್‌ಸಿ ಅದನ್ನು ತಕರಾರಿಲ್ಲದೆ ಆಡಿಸುತ್ತದೆ. ಎಕ್ಸ್‌ಟೆನ್ಶನ್ ಮರೆಯಾಗಿರುವಾಗ ಹೀಗೆ ಹೆಸರು ಬದಲಾಯಿಸಿದರೆ ಎಂಪಿಜಿಯ ಹಿಂದೆ ಡಿಎಟಿ ಹಾಗೆಯೇ ಉಳಿದುಕೊಂಡು ಶ್ರಮವೆಲ್ಲ ವ್ಯರ್ಥವಾಗುತ್ತದೆ. ಇನ್ನೂ ನಕಲು ಮಾಡದ ಡಿಸ್ಕುಗಳನ್ನು ನೋಡುವಾಗ ಓಪನ್ ವಿತ್‌ನಲ್ಲಿ ಜಸ್ಟ್ ಒನ್ಸ್ ಒತ್ತುತ್ತೇವೆ.

ವಾಟ್ಸಾಪಿನಿಂದ ಬರುವ, ಓಪಸ್ ಎಂಬ ಆಡಿಯೊ ರೂಪದ ಧ್ವನಿ ಸಂದೇಶಗಳನ್ನೂ ವಿಎಲ್‌ಸಿಗೇ ಕೊಟ್ಟೆ. ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಕೆಲಸ ಇನ್ನೂ ಸುಲಭ: ಕಡತದ ಪ್ರಾಪರ್ಟೀಸಿನಲ್ಲಿ ಓಪನ್ ವಿತ್ ಪುಟ ತೆರೆದು, ಬೇಕಾದುದನ್ನು ಆರಿಸಿ, ಸೆಟ್ ಆ್ಯಸ್ ಡೀಫಾಲ್ಟ್ ಒತ್ತಿದರೆ ಮುಗಿಯಿತು.

ಈ ಆಯ್ಕೆಗಳು ಕಂಪ್ಯೂಟರಿಗೆ ಅಲ್ಲ, ಅದರಲ್ಲಿರುವ ಬಳಕೆದಾರರ ಖಾತೆಗೆ ಸೇರಿದವು. ನನ್ನ ಖಾತೆಯಲ್ಲಿ ಮಾಡಿದ್ದನ್ನು ತಂದೆಯವರ ಖಾತೆಯಲ್ಲಿ ಮತ್ತೆ ಮಾಡಬೇಕಾಯಿತು. ಭಜನೆಗಳನ್ನಷ್ಟೇ ಕೇಳುವ ಅಮ್ಮನ ಖಾತೆಯಲ್ಲಿ ಮಾತ್ರ ಎಂಪಿ3 ಕಡತಗಳನ್ನು ವಿಂಡೋಸಿನ ಮೀಡಿಯಾ ಪ್ಲೇಯರಿಗೇ ಬಿಟ್ಟಿದ್ದೇನೆ. ಹಾಡುಗಳನ್ನು ಆಲ್ಬಮ್ಮಿನ ಚಿತ್ರದೊಂದಿಗೆ ಜೋಡಿಸಿ ತೋರಿಸುವ ಅದರ ಕ್ರಮ ಅವರಿಗೆ ಹಿಡಿಸಿದೆ.